ಹುಳದ ಹಿಂದೆ ಓಡಬೇಡಿ, ಗಿಡದ ಹತ್ತಿರ ಕೂತ್ಕೊಳ್ಳಿ

(ಶಿಕಾಗೊ ಸುತ್ತಮುತ್ತಲಿನ ಕನ್ನಡಿಗರ ಫೋಟೋಗ್ರಫಿ ಗುಂಪಿನಲ್ಲಿ ಜುಲೈ ಮೊದಲ ವಾರ ಮಾಡಿದ ಉಪನ್ಯಾಸದ ಬರಹ ರೂಪ)

ಕೈ ಎತ್ತಿ ಅಂದಾಗ ಐದಾರು ಕೈ ಮಾತ್ರ ಮೇಲೆ ಬಂದವು. ಕೇಳಿದ್ದು ಇಷ್ಟೇ: ಇಲಿನಾಯ್‌ಗೆ ಬಂದು ವರ್ಷಗಟ್ಟಲೆ ಆಯ್ತಲ್ಲ, ನೇಗಿಲು ಕಾಣದ ಪ್ರೇರಿಯನ್ನು, ಅಂದರೆ ಇಲ್ಲಿನ ಮೂಲ ಹುಲ್ಲುಗಾವಲನ್ನು, ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ?

ಬೇಜಾರು ಮಾಡ್ಕೋಬೇಡಿ. ನೋಡೋದಕ್ಕೆ ಉಳಿದಿರುವುದೇ ಕಡಿಮೆ. ಈ ರಾಜ್ಯದ ಅಡ್ಡಹೆಸರು ಪ್ರೇರಿ ಸ್ಟೇಟ್. ಒಂದು ಕಾಲಕ್ಕೆ ಇಲ್ಲಿ ಸುಮಾರು 2.2 ಕೋಟಿ ಎಕರೆ ಪ್ರೇರಿ ಇತ್ತು. ಮೂಲದ ಗಿಡಗಳ ಸಮೇತ ಚೆನ್ನಾಗಿ ಉಳಿದಿರುವುದು ಈಗ ಎರಡೂವರೆ ಸಾವಿರ ಎಕರೆ ಆಸುಪಾಸು. ಒಂಬತ್ತು ಸಾವಿರ ಎಕರೆಗೆ ಒಂದು ಎಕರೆಯ ಲೆಕ್ಕ.

ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು? ಹೈವೇಯಲ್ಲಿ ಹೋಗುವಾಗ ಎರಡೂ ಕಡೆ ಮೆಕ್ಕೆಜೋಳ, ಸೋಯಾ ಕಾಣುತ್ತದಲ್ಲ, ಅಲ್ಲಿಗೆ ಹೋಯ್ತು. ಇಲ್ಲಿನ ಮಣ್ಣು ನಮ್ಮ ಧಾರವಾಡ, ಗದಗದ ಕಡೆಯವರಿಗೆ ಪರಿಚಯದ್ದೇ: ಕಪ್ಪು, ಅಂಟು. ಎರಕದ ಕಬ್ಬಿಣದ ನೇಗಿಲಿಗೆ ಮೆತ್ತಿಕೊಂಡು ಬಿಡುತ್ತಿತ್ತು. ನಾಲ್ಕು ಹೆಜ್ಜೆ ಉಳುವುದು, ನಿಂತು ಕೆರೆಯುವುದು. 1837ರಲ್ಲಿ ಗ್ರ್ಯಾಂಡ್ ಡಿಟೂರ್ ಅನ್ನುವ ಹಳ್ಳಿಯಲ್ಲಿ ಜಾನ್ ಡಿಯರ್ ಅನ್ನುವ ಕಮ್ಮಾರ ಹಳೇ ಗರಗಸದ ಉಕ್ಕಿನಿಂದ ನುಣುಪಾದ ನೇಗಿಲು ಮಾಡಿದ. ಮಣ್ಣು ತಾನಾಗಿ ಜಾರಿತು. ಆಮೇಲೆ ಪ್ರೇರಿ ಹೋಗುವುದಕ್ಕೆ ಜಾಸ್ತಿ ಕಾಲ ಬೇಕಾಗಲಿಲ್ಲ. ಹಸಿರು ಟ್ರ್ಯಾಕ್ಟರಿನ ಕಂಪನಿ ಹುಟ್ಟಿದ್ದು ಅಲ್ಲಿಂದಲೇ.

ಮರ ಇಲ್ಲದ ಜಾಗ ಅಂದರೆ ಪಾಳು ಜಾಗ ಅಂದುಕೊಳ್ಳುವ ಚಾಳಿ ಊರಲ್ಲೂ ಇದೆ. ಚಿತ್ರದುರ್ಗ, ಚಿಕ್ಕಮಗಳೂರು ಕಡೆಯ ಅಮೃತ್ ಮಹಲ್ ಕಾವಲುಗಳನ್ನು ನೋಡಿ. ಹುಲ್ಲು ಮಾತ್ರ ಇದೆ, ಏನಾದರೂ ಕಟ್ಟೋಣ ಅನ್ನುವವರೇ ಎಲ್ಲ. ಅದು ಬೇರೆ ಕತೆ, ಇನ್ನೊಂದು ದಿನ ಮಾತಾಡೋಣ.

ಉಳಿದ ಎರಡೂವರೆ ಸಾವಿರ ಎಕರೆ ಎಲ್ಲಿದೆ ಅನ್ನುವುದು ಫೋಟೋ ತೆಗೆಯುವವರಿಗೆ ಮುಖ್ಯ. ನೇಗಿಲು ಹೋಗದ ಕಡೆ ಇದೆ. ಹಳೇ ರೈಲು ಹಳಿಗಳ ಪಕ್ಕ ಇದೆ. ಸ್ಮಶಾನದಲ್ಲಿ ಇದೆ. ಹೌದು, ಸ್ಮಶಾನದಲ್ಲಿ. ಮೊದಮೊದಲು ಬಂದ ವಲಸಿಗರು ಊರಿಗೆ ಒಂದಿಷ್ಟು ನೆಲ ಬಿಟ್ಟುಕೊಂಡು ಅಲ್ಲಿ ಹೂಳುತ್ತಿದ್ದರು, ಅದನ್ನು ಯಾರೂ ಉಳಲಿಲ್ಲ. ಬ್ಲೂಮಿಂಗ್ಟನ್ ಕಡೆಯಿಂದ ಬಂದವರು ಮಾಕ್ಲೀನ್ ಕೌಂಟಿಯ ವೆಸ್ಟನ್ ಸ್ಮಶಾನದ ಪ್ರೇರಿ ನೋಡಿ. ಐದೇ ಎಕರೆ, ಸುತ್ತ ಹೊಲ.

ಶಿಕಾಗೊ ಹತ್ತಿರ ಇರುವವರಿಗೆ ವೆಸ್ಟ್‌ಚೆಸ್ಟರಿನ ವುಲ್ಫ್ ರೋಡ್ ಪ್ರೇರಿ ಇದೆ. ಸುಮಾರು 80 ಎಕರೆ. 1920ರ ದಶಕದಲ್ಲಿ ಅಲ್ಲಿ ಲೇಔಟ್ ಮಾಡಲು ಹೊರಟು ಫುಟ್‌ಪಾತ್ ಹಾಕಿದರು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂತು, ಮನೆ ಏಳಲಿಲ್ಲ. ಈಗ ಆಳೆತ್ತರದ ಹುಲ್ಲಿನ ನಡುವೆ ಸಿಮೆಂಟಿನ ಫುಟ್‌ಪಾತ್ ಮಾತ್ರ ಹೋಗುತ್ತದೆ. ಸೈಟು ಮಾರಾಟ ಆಗದೆ ಒಳ್ಳೇದಾಗಿದ್ದನ್ನು ಬೆಂಗಳೂರಿನವರು ಇದೊಂದು ಕಡೆಯಾದರೂ ನೋಡಬಹುದು! ಗಿಡ ತುಳಿಯದೆ ಎರಡೂ ಬದಿ ಫೋಟೋ ತೆಗೆಯಬಹುದು. ಇಷ್ಟು ಅನುಕೂಲದ ಜಾಗ ನನಗಂತೂ ಬೇರೆ ಗೊತ್ತಿಲ್ಲ.

ಮತ್ತೆ ಬೆಳೆಸಿದ ಪ್ರೇರಿಗಳೂ ಇವೆ. ಲೈಲ್‌ನ ಮಾರ್ಟನ್ ಆರ್ಬೊರೇಟಮ್‌ನಲ್ಲಿ 1962ರಿಂದ ಬೆಳೆಸಿಕೊಂಡು ಬಂದ ಶೂಲೆನ್‌ಬರ್ಗ್ ಪ್ರೇರಿ. ಜೋಲಿಯೆಟ್ ಹತ್ತಿರ ಮದ್ದುಗುಂಡಿನ ಕಾರ್ಖಾನೆ ಇದ್ದ ನೆಲದಲ್ಲಿ 1996ರಲ್ಲಿ ಶುರುವಾದ ಮಿಡೇವಿನ್. ಪಶ್ಚಿಮಕ್ಕೆ ನಚೂಸಾ. ಕೊನೆಯ ಎರಡರಲ್ಲಿ ಕಾಡೆಮ್ಮೆಯಂಥ ಬೈಸನ್‌ಗಳೂ ಇವೆ. ಅವುಗಳಿಂದ ದೂರ ಇರಿ, ಪುಟ್ಟದ್ದನ್ನು ಹತ್ತಿರದಿಂದ ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸಿನ ವಿಷಯ ಅದಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಸದಾಗಿ ಮ್ಯಾಕ್ರೋ ಲೆನ್ಸ್ ತಗೊಂಡವರು ಪ್ರೇರಿಗೆ ಬಂದರೆ ಏನು ಮಾಡುತ್ತಾರೆ? ಚಿಟ್ಟೆ ಕಂಡ ತಕ್ಷಣ ಅದರ ಹಿಂದೆ ಓಡುತ್ತಾರೆ. ಅದು ಹಾರುತ್ತದೆ. ಇವರು ಮತ್ತೆ ಓಡುತ್ತಾರೆ. ಮನೆಗೆ ಹೋಗಿ ನೋಡಿದರೆ ಚಿಟ್ಟೆಯ ಬೆನ್ನು, ಮಸುಕು. ನಾನು ಹೇಳುವುದು ಇದರ ಉಲ್ಟಾ. ಹುಳವನ್ನು ಬಿಡಿ, ಗಿಡ ಹಿಡಿಯಿರಿ. ಯಾವ ಗಿಡಕ್ಕೆ ಯಾರು ಬರುತ್ತಾರೆ ಅಂತ ತಿಳ್ಕೊಂಡು ಅದರ ಪಕ್ಕ ಕೂತ್ಕೊಳ್ಳಿ. ಹುಳ ತಾನಾಗಿ ಬರುತ್ತದೆ. ಪ್ರೇರಿಯ ಹುಳಗಳು ಗಿಡಕ್ಕೆ ಅಂಟಿಕೊಂಡೇ ಬದುಕುವಂಥವು. ಕೆಲವಕ್ಕಂತೂ ಒಂದು ಗಿಡ ಬಿಟ್ಟರೆ ಬೇರೆ ಗತಿ ಇಲ್ಲ.

ಮಿಲ್ಕ್‌ವೀಡ್ ತಗೊಳ್ಳಿ, ಈಗ ಹೂ ಬಿಟ್ಟಿದೆ. ನಿಮಗೆ ಹೊಸದೇನಲ್ಲ, ನಮ್ಮ ಎಕ್ಕದ ಕುಟುಂಬದ್ದೇ. ಎಲೆ ಮುರಿದರೆ ಹಾಲು ಬರುತ್ತದೆ. ಇದನ್ನು ತಿನ್ನುವ ಮೊನಾರ್ಕ್ ಚಿಟ್ಟೆಯೂ ಊರಲ್ಲಿ ಎಕ್ಕದ ಗಿಡದ ಮೇಲೆ ಮೊಟ್ಟೆ ಇಡುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಹತ್ತಿರದ ನೆಂಟ. ಎಕ್ಕದ ಹೂವನ್ನು ಚಿಕ್ಕಂದಿನಲ್ಲಿ ಪಟ್ ಅಂತ ಒಡೆದವರು ಇಲ್ಲೂ ಒಂದು ಹೂವನ್ನು ಹತ್ತಿರದಿಂದ ನೋಡಿ. ಕೀಳಬೇಡಿ, ಬಗ್ಗಿ ನೋಡಿ.

ಐದು ಪುಟ್ಟ ಬಟ್ಟಲು ಸುತ್ತ ನಿಂತಿವೆ. ಮಕರಂದ ಇರುವುದು ಅದರಲ್ಲಿ. ಎರಡು ಬಟ್ಟಲ ನಡುವೆ ಕೂದಲೆಳೆಯಷ್ಟು ಸಂದು. ಜೇನು ಬಂದು ಕೂತರೆ ಹೂವಿನ ಮೇಲ್ಮೈ ನುಣುಪು, ಕಾಲು ಜಾರುತ್ತದೆ, ಜಾರಿ ಸಂದಿಗೆ ಸಿಗುತ್ತದೆ. ಎಳೆದುಕೊಂಡಾಗ ಸಂದಿನ ತುದಿಯಲ್ಲಿರುವ ಕಪ್ಪು ಕ್ಲಿಪ್ಪು ಕಾಲಿಗೆ ಸಿಕ್ಕಿಕೊಂಡು ಮೇಲೆ ಬರುತ್ತದೆ. ಅದರ ಎರಡೂ ಕಡೆ ಹಳದಿ ಪರಾಗದ ಚೀಲ, ಅಗಸರ ಕತ್ತೆಯ ಮೇಲಿನ ಹೇರಿನ ಹಾಗೆ. ಇನ್ನೊಂದು ಹೂವಿನಲ್ಲಿ ಅದೇ ಕಾಲು ಇನ್ನೊಂದು ಸಂದಿಗೆ ಜಾರಿದಾಗ ಚೀಲ ಅಲ್ಲಿ ಉಳಿಯುತ್ತದೆ. ಪರಾಗಸ್ಪರ್ಶ ಆಯ್ತು. ಸಣ್ಣ ಹುಳಗಳಿಗೆ ಎಳೆದುಕೊಳ್ಳುವ ಶಕ್ತಿ ಇರುವುದಿಲ್ಲ. ಕೆಲವು ಕಾಲು ಬಿಟ್ಟು ಹೋಗುತ್ತವೆ, ಕೆಲವು ಅಲ್ಲೇ ನೇತಾಡಿ ಸಾಯುತ್ತವೆ.

ಇದು ಗೊತ್ತಿದ್ದರೆ ನಿಮ್ಮ ಫೋಟೋ ಬದಲಾಗುತ್ತದೆ. ಜೇನಿನ ಮುಖಕ್ಕೆ ಫೋಕಸ್ ಮಾಡುವ ಬದಲು ಕಾಲಿಗೆ ಮಾಡುತ್ತೀರಿ. ತೆರೆಯ ಮೇಲಿನ ಈ ಚಿತ್ರದಲ್ಲಿ ಕಣಜದ ಹಿಂಗಾಲಿಗೆ ಹಳದಿ ಚೀಲ ಮೂರು ಜೊತೆ ನೇತಾಡುತ್ತಿವೆ. ಮುಖ ಮಸುಕಾಗಿದೆ. ಸ್ಪರ್ಧೆಗೆ ಕಳಿಸಿದರೆ ತೀರ್ಪುಗಾರರು ಪಕ್ಕಕ್ಕಿಡಬಹುದು. ನನಗೆ ಮಾತ್ರ ಚೆಂದದ ಮುಖದ ಫೋಟೋಗಿಂತ ಇದೇ ಇಷ್ಟ.

ಅದೇ ಗಿಡದಲ್ಲಿ ಇನ್ನೂ ಇದೆ. ಒಂದು ಎಲೆ ತುದಿಯಿಂದ ಸುಮ್ನೆ ಜೋತು ಬಿದ್ದಿದ್ದರೆ ಅದರ ಕೆಳಗೆ ನೋಡಿ. ಮೊನಾರ್ಕ್‌ನ ಕಂಬಳಿಹುಳ ತಿನ್ನುವ ಮುಂಚೆ ಎಲೆಯ ನಡುನರವನ್ನೋ ತೊಟ್ಟನ್ನೋ ಕಚ್ಚಿ ಹಾಲನ್ನು ಹರಿಸಿ ಬಿಡುತ್ತದೆ, ಇಲ್ಲದಿದ್ದರೆ ಬಾಯಿಗೆ ಅಂಟುತ್ತದೆ. ಕೆಂಪು ಮೈ, ಕಪ್ಪು ಚುಕ್ಕೆಯ ಒಂದು ಜೀರುಂಡೆ ಸಿಗುತ್ತದೆ, ಅದರ ತಲೆಯನ್ನು ಪಕ್ಕದಿಂದ ತೆಗೆಯಿರಿ. ಮೀಸೆಯ ಬುಡ ಸರಿಯಾಗಿ ಕಣ್ಣಿನ ನಡುವೆಯೇ ಬಂದು ಒಂದೊಂದು ಕಣ್ಣನ್ನೂ ಎರಡು ಮಾಡಿದೆ. ಎರಡು ಕಣ್ಣಿನ ಪ್ರಾಣಿಗೆ ನಾಲ್ಕು ಕಣ್ಣು. ಬರಿಗಣ್ಣಿಗೆ ಕಾಣುವುದಿಲ್ಲ, ಮ್ಯಾಕ್ರೋ ಲೆನ್ಸಿಗೆ ಕಾಣುತ್ತದೆ. ಒಂದು ಮಿಲ್ಕ್‌ವೀಡ್ ಗಿಡದ ಪಕ್ಕ ಅರ್ಧ ದಿನ ಕಳೆಯಬಹುದು.

ಇನ್ನೊಂದು ಗಿಡ, ರ್‍ಯಾಟಲ್‌ಸ್ನೇಕ್ ಮಾಸ್ಟರ್. ಎಲೆ ನೋಡಿದರೆ ಕತ್ತಾಳೆ ಅನ್ನಬೇಕು. ಹೂವು ಬಿಳಿ ಉಂಡೆ. ಆದರೆ ಇದು ಕೊತ್ತಂಬರಿ ಕುಟುಂಬದ್ದು, ನಂಬಿ. ಜುಲೈ ಎರಡನೇ ಭಾಗದಲ್ಲಿ ಇದರ ಮೇಲೆ ಸಂತೆ ನೆರೆಯುತ್ತದೆ: ಬಗೆಬಗೆಯ ಕಣಜ, ನೊಣ, ಸಣ್ಣ ಜೇನು. ಇದರ ಕಾಂಡ ಕೊರೆದು ಬದುಕುವ ಪತಂಗವೂ ಒಂದಿದೆ. ಅದರ ಮರಿ ಬೇರೆ ಯಾವ ಗಿಡವನ್ನೂ ತಿನ್ನುವುದಿಲ್ಲ. ಗಿಡ ಹೋದರೆ ಅದೂ ಹೋಯ್ತು.

ಬೆಳಕಿಗೆ ಬರೋಣ. ಕಂಪಾಸ್ ಪ್ಲಾಂಟ್ ಅನ್ನುವ ಎತ್ತರದ ಹಳದಿ ಹೂವಿನ ಗಿಡ ಸೂರ್ಯಕಾಂತಿ ಕುಟುಂಬದ್ದು. ಬುಡದ ದೊಡ್ಡ ಎಲೆಗಳು ನೆಟ್ಟಗೆ ನಿಂತು ಅಂಚನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿಕೊಂಡಿರುತ್ತವೆ. ಮಧ್ಯಾಹ್ನದ ಸುಡುಬಿಸಿಲು ಅಂಚಿಗೆ ಮಾತ್ರ ತಾಗಲಿ, ಬೆಳಗಿನ ಮತ್ತು ಸಂಜೆಯ ಬಿಸಿಲು ಅಗಲಕ್ಕೆ ಬೀಳಲಿ ಅಂತ. ಇದು ನಮಗೂ ಲಾಭ. ಬೆಳಿಗ್ಗೆ ಪಶ್ಚಿಮದ ಕಡೆ ನಿಂತು ಪೂರ್ವಕ್ಕೆ ನೋಡಿದರೆ ಎಲೆಯ ಹಿಂದಿನಿಂದ ಬೆಳಕು ಬಂದು ನರ ನರವೂ ಕಾಣುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಅದೇ ಎಲೆಯ ಅಂಚಿನ ಮೇಲೆ ಬೆಳಕು ಬರೀ ಗೀಟು.

ಅಂದಹಾಗೆ ಈ ಗಿಡದ ಬೇರು ಹದಿನೈದು ಅಡಿವರೆಗೂ ಇಳಿಯುತ್ತದೆ. ಪ್ರೇರಿಯ ಜಾಸ್ತಿ ಪಾಲು ನೆಲದ ಕೆಳಗೇ ಇದೆ. ಬೆಂಕಿ ಬಿದ್ದರೂ ಬದುಕುವುದು ಅದರಿಂದಲೇ. ಮೊದಲು ಇಲ್ಲಿನ ಮೂಲನಿವಾಸಿಗಳು ಬೆಂಕಿ ಇಡುತ್ತಿದ್ದರು, ಈಗ ಪ್ರೇರಿ ನೋಡಿಕೊಳ್ಳುವವರು ವಸಂತದಲ್ಲೋ ಮಳೆಗಾಲ ಮುಗಿದ... ಕ್ಷಮಿಸಿ, ಇಲ್ಲಿ ಮಳೆಗಾಲ ಎಲ್ಲಿ, ಎಲೆ ಉದುರುವ ಕಾಲದಲ್ಲೋ ಇಡುತ್ತಾರೆ. ಇಡದಿದ್ದರೆ ಪೊದೆ, ಮರ ಬಂದು ಹುಲ್ಲನ್ನು ಮುಚ್ಚುತ್ತವೆ. ಪೂರ್ತಿ ಸುಡುವುದಿಲ್ಲ, ಒಂದೊಂದು ವರ್ಷ ಒಂದೊಂದು ಭಾಗ. ಒಣ ಕಾಂಡದೊಳಗೆ, ಕಸದೊಳಗೆ ಚಳಿಗಾಲ ಕಳೆಯುವ ಹುಳಗಳು ಇರುತ್ತವಲ್ಲ. ಸುಟ್ಟ ಭಾಗ ಯಾವುದು ಅಂತ ಕೇಳಿ ತಿಳ್ಕೊಳ್ಳಿ. ಆ ಬೇಸಿಗೆ ಹೂ ಜಾಸ್ತಿ ಬರುವುದು ಹೆಚ್ಚಾಗಿ ಅಲ್ಲೇ.

ಯಾವಾಗ ಹೋಗಬೇಕು? ಬೆಳಿಗ್ಗೆ. ಬೇಗ ಅಂದರೆ ಸೂರ್ಯ ಹುಟ್ಟುವ ಹೊತ್ತಿಗೇ. ಇದಕ್ಕೆ ಎರಡು ಕಾರಣ. ಒಂದು ಗಾಳಿ. ಪ್ರೇರಿಯಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ. ಹತ್ತು ಗಂಟೆಗೆ ಎಲ್ಲ ಗಿಡವೂ ತಲೆ ಆಡಿಸಲು ಶುರು ಮಾಡುತ್ತದೆ. ಇನ್ನೊಂದು, ಹುಳಕ್ಕೆ ಚಳಿ. ಬಿಸಿಲು ತಾಗುವವರೆಗೆ ಅವು ಹಾರಲಾರವು. ಉದ್ದ ಮೀಸೆಯ ಒಂದು ಜಾತಿಯ ಗಂಡು ಜೇನುಗಳಿಗೆ ಗೂಡೇ ಇಲ್ಲ. ಗೂಡು ಹೆಣ್ಣಿನದು. ಗಂಡುಗಳು ರಾತ್ರಿ ಹೂವನ್ನೋ ಕಾಂಡವನ್ನೋ ಹಿಡಿದು ಮಲಗುತ್ತವೆ, ಕೆಲವು ಬಾಯಿಂದ ಕಚ್ಚಿಕೊಂಡೇ. ಬೆಳಿಗ್ಗೆ ಮೈತುಂಬ ಇಬ್ಬನಿ. ಟ್ರೈಪಾಡ್ ಇಟ್ಟು ಒಂದೇ ಜೇನಿನ ಇಪ್ಪತ್ತು ಫೋಟೋ ಬೇರೆ ಬೇರೆ ಫೋಕಸ್ಸಿನಲ್ಲಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಬಹುದು. ಕದಲುವುದಿಲ್ಲ.

ಇದನ್ನೇ ಮನೆಯಲ್ಲಿ ಮಾಡುವವರೂ ಇದ್ದಾರೆ. ಹುಳ ಹಿಡಿದು ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿದ ಮೇಲೆ ಹೂವಿನ ಮೇಲೆ ಕೂರಿಸಿ, ಸ್ಪ್ರೇ ಬಾಟಲಿಯಿಂದ ಇಬ್ಬನಿ ಹೊಡೆದು ಫೋಟೋ. ದಯವಿಟ್ಟು ಬೇಡ. ಹುಳಕ್ಕೆ ಹಿಂಸೆ ಅನ್ನುವುದು ಒಂದು ಕಡೆ. ಆ ಹುಳ ಆ ಹೂವಿಗೆ ಹೋಗುವುದೇ ಇಲ್ಲ ಅನ್ನುವುದು ಇನ್ನೊಂದು ಕಡೆ. ಫೋಟೋ ಸುಳ್ಳು ಹೇಳುತ್ತದೆ.

ಕ್ಯಾಮರಾ ಸೆಟ್ಟಿಂಗ್ ಕೇಳುವವರು ಆಗಲೇ ಚಡಪಡಿಸುತ್ತಿದ್ದೀರಿ, ಬೇಗ ಹೇಳಿ ಮುಗಿಸುತ್ತೇನೆ. 100 ಮಿ.ಮೀ. ಆಸುಪಾಸಿನ ಮ್ಯಾಕ್ರೋ ಲೆನ್ಸ್ ಸಾಕು. ಹುಳ ಎಷ್ಟು ದೊಡ್ಡದೋ ಕ್ಯಾಮರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುವಷ್ಟು ಹತ್ತಿರ ಹೋದರೆ, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಬರುವ ಪದರ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ ಅಷ್ಟೇ. ಇನ್ನೂ ಕಿರಿದು ಮಾಡಿ ಎಫ್ 22ಕ್ಕೆ ಹೋದರೆ ಪದರ ದಪ್ಪ ಆಗುತ್ತದೆ, ಆದರೆ ಇಡೀ ಚಿತ್ರವೇ ಮೆದು ಆಗುತ್ತದೆ. ಅದಕ್ಕೆ ಪದರ ದಪ್ಪ ಮಾಡುವ ಬದಲು ನೀವು ಜರುಗಿ. ಹುಳದ ಮೈ ಉದ್ದಕ್ಕೆ ಸೆನ್ಸರ್ ಸರಿಸಮ ಬರುವ ಹಾಗೆ ಕ್ಯಾಮರಾ ಹಿಡಿಯಿರಿ. ಫ್ಲಾಶ್ ಹಾಕಿದರೆ ಮುಂದೆ ಬೆಳಕು ಹರಡುವ ಬಿಳಿ ಡಿಫ್ಯೂಸರ್ ಇರಲೇಬೇಕು, ಇಲ್ಲದಿದ್ದರೆ ಜೀರುಂಡೆ ಬೆನ್ನ ಮೇಲೆ ಬಲ್ಬ್ ಕಾಣುತ್ತದೆ.

ಫೋನಿನವರು ಹಿಂದೆ ಬೀಳಬೇಕಿಲ್ಲ. ಫೋನಿನ ಲೆನ್ಸ್ ಅಗಲ, ಹೂವಿನ ಹತ್ತಿರ ಹೋದರೂ ಹಿಂದಿನ ಹುಲ್ಲು, ಆಕಾಶ ಎಲ್ಲ ಸೇರುತ್ತದೆ. ಕೆಳಗೆ ಕೂತು ಮೇಲ್ಮುಖವಾಗಿ ತೆಗೆದರೆ ಹೂವು ಎಲ್ಲಿ ನಿಂತಿದೆ ಅಂತ ಕಾಣುತ್ತದೆ. ನಮ್ಮ ದೊಡ್ಡ ಲೆನ್ಸಿನವರು ಮಾಡುವ ಕೆಲಸ ಉಲ್ಟಾ: ಹಿಂದೆ ಪೂರ್ತಿ ಕಪ್ಪು, ಮುಂದೆ ಒಂದು ಹೂವು. ಅದು ಪ್ರೇರಿಯೂ ಆಗಬಹುದು, ಯಾರದೋ ಮನೆ ಕುಂಡವೂ ಆಗಬಹುದು. ನನಗೆ ಕಪ್ಪು ಹಿನ್ನೆಲೆ ಸೇರುವುದಿಲ್ಲ, ಸೇರುವವರು ಬೈಯಬೇಡಿ. ಒಂದು ಫೋಟೋ ಹಾಗೆ ತೆಗೆದರೆ ಇನ್ನೊಂದು ಎರಡು ಹೆಜ್ಜೆ ಹಿಂದೆ ಹೋಗಿ ತೆಗೆಯಿರಿ ಅಂತಷ್ಟೇ ಕೇಳುತ್ತೇನೆ.

ಹುಲ್ಲು ಅಡ್ಡ ಬಂದರೆ ಕೀಳಬೇಡಿ. ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಪಕ್ಕಕ್ಕೆ ಹಿಡಿದಿಟ್ಟು, ಹೊರಡುವಾಗ ಬಿಚ್ಚಿ.

ಹೂವಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬಿಳಿ ಝಾಲರಿಯ ಹಾಗಿರುವ ಒಂದು ಆರ್ಕಿಡ್ ಇಲ್ಲಿದೆ, ಪ್ರೇರಿ ವೈಟ್ ಫ್ರಿಂಜ್ಡ್ ಆರ್ಕಿಡ್. 1989ರಿಂದ ಫೆಡರಲ್ ಸರ್ಕಾರದ ಅಪಾಯದ ಪಟ್ಟಿಯಲ್ಲಿದೆ. ರಾತ್ರಿ ಬರುವ ಹಾಕ್ ಮಾತ್ ಅನ್ನುವ ದೊಡ್ಡ ಪತಂಗಗಳು ಅದರ ಪರಾಗ ಒಯ್ಯುತ್ತವೆ. ಅವು ಸಾಲದೆ ಕೆಲವು ಕಡೆ ಸ್ವಯಂಸೇವಕರೇ ಕಡ್ಡಿ ಹಿಡಿದು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಾರೆ. ನಿಮಗೆ ಸಿಕ್ಕಿದರೆ ಖುಷಿ ಪಡಿ, ಫೋಟೋ ತೆಗೆಯಿರಿ, ಜಾಗ ಮಾತ್ರ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ. ಕದಿಯುವವರು ಒಂದು ಕಡೆ ಇರಲಿ, ನಮ್ಮಂಥ ಒಳ್ಳೇ ಮನಸ್ಸಿನ ಹತ್ತು ಜನ ಬಂದು ಸುತ್ತ ತುಳಿದರೂ ಸಾಕು. ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಹಾಕಿದರೆ ಇಂಥ ಅಪಾಯದ ಜಾತಿಗಳ ಸರಿಯಾದ ಜಾಗವನ್ನು ಅದೇ ಮರೆಮಾಡುತ್ತದೆ. ಫೋನ್ ಫೋಟೋದೊಳಗೆ ಜಾಗದ ಮಾಹಿತಿ ಇರುತ್ತದೆ, ಬೇರೆ ಕಡೆ ಕಳಿಸುವ ಮುಂಚೆ ಅದನ್ನು ತೆಗೆಯಿರಿ.

ನಿಮ್ಮ ಫೋಟೋ ಚೆಂದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವ ಕಡೆ ಒಂದಿದೆ. ರಸ್ಟಿ ಪ್ಯಾಚ್ಡ್ ಬಂಬಲ್ ಬೀ ಅನ್ನುವ ದುಂಬಿ. 2017ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಆ ಪಟ್ಟಿಗೆ ಸೇರಿದ ಮೊದಲ ಜೇನು ಅದೇ. ಉತ್ತರ ಇಲಿನಾಯ್‌ನಲ್ಲಿ ಈಗಲೂ ಇದೆ, ಶಿಕಾಗೊ ಸುತ್ತಲೂ ಇದೆ. ಕೆಲಸಗಾರ ದುಂಬಿಯ ಹೊಟ್ಟೆಯ ಎರಡನೇ ಪಟ್ಟಿಯ ನಡುವೆ ತುಕ್ಕು ಬಣ್ಣದ ಮಚ್ಚೆ. ರಾಣಿಗೆ ಆ ಮಚ್ಚೆ ಇರುವುದಿಲ್ಲ. ಹಾಗಾಗಿ ದುಂಬಿ ಕಂಡರೆ ಮೂರು ಫೋಟೋ ಬೇಕು: ಬೆನ್ನು, ಪಕ್ಕ, ಮುಖ. ಮುಖವೊಂದೇ ಚೆನ್ನಾಗಿ ಬಂದು ಬೆನ್ನಿಲ್ಲದಿದ್ದರೆ ತಿಳಿದವರಿಗೂ ಹೇಳುವುದು ಕಷ್ಟ. ಎಲ್ಲಿ ಕಾಯಬೇಕು? ವೈಲ್ಡ್ ಬರ್ಗಮಾಟ್ ಗಿಡದ ಹತ್ತಿರ. ನೇರಳೆ ಹೂವು, ತುಳಸಿಯ ಕುಟುಂಬ, ಎಲೆ ಉಜ್ಜಿದರೆ ಘಮ್ಮೆನ್ನುತ್ತದೆ. ಇನ್ನು ವಾರದಲ್ಲಿ ಎಲ್ಲ ಕಡೆ ಅರಳುತ್ತದೆ. ತೆಗೆದದ್ದನ್ನು ಬಂಬಲ್ ಬೀ ವಾಚ್ ಅನ್ನುವ ಜಾಲತಾಣಕ್ಕೆ ಕಳಿಸಿ, ಪರಿಣತರು ನೋಡಿ ಹೇಳುತ್ತಾರೆ.

ಆಗಸ್ಟಿನಲ್ಲಿ ಗೋಲ್ಡನ್‌ರಾಡ್ ಬರುತ್ತದೆ, ಎಲ್ಲೆಲ್ಲೂ ಹಳದಿ. ನಿಮ್ಮಲ್ಲಿ ಅರ್ಧ ಜನ ಆಗ ಸೀನುತ್ತಾ ಇದನ್ನು ಬೈಯುತ್ತೀರಿ. ಪಾಪ, ಅದರ ತಪ್ಪಲ್ಲ. ಅದರ ಪರಾಗ ಅಂಟು, ಹುಳವೇ ಹೊರಬೇಕು. ಅದೇ ಹೊತ್ತಿಗೆ ಕಣ್ಣಿಗೆ ಬೀಳದ ಹಸಿರು ಹೂವಿನ ರ್‍ಯಾಗ್‌ವೀಡ್ ಗಾಳಿಗೆ ಪರಾಗ ತೂರುತ್ತಿರುತ್ತದೆ, ಸೀನು ಅದರದು. ಗೋಲ್ಡನ್‌ರಾಡ್ ಮೇಲೆ ಜೇನೊಂದು ತುಂಬಾ ಹೊತ್ತು ಅಲ್ಲಾಡದೆ ಕೂತಿದ್ದರೆ ಅದರ ಕೆಳಗೆ ನೋಡಿ. ಹೂವಿನ ಬಣ್ಣದ್ದೇ ಒಂದು ಜೇಡ ಹಿಡಿದಿರುತ್ತದೆ. ಈ ಜೇಡ ಬಿಳಿ ಹೂವಿನಲ್ಲಿ ಬಿಳಿ, ಹಳದಿ ಹೂವಿಗೆ ಬಂದರೆ ಕೆಲವು ದಿನಗಳಲ್ಲಿ ಹಳದಿ. ಜೇಡ ಇಲ್ಲದಿದ್ದರೆ ಆಂಬುಷ್ ಬಗ್ ಅನ್ನುವ ಗಿಡ್ಡ ತಿಗಣೆ, ಮುಂಗಾಲು ಪೈಲ್ವಾನನ ತೋಳಿನಷ್ಟು ದಪ್ಪ. ಸತ್ತ ಜೇನೇ ಇಲ್ಲಿ ನಿಮ್ಮ ಗುರುತು.

ಸೆಪ್ಟೆಂಬರಿಗೆ ಬಾಟಲ್ ಜೆನ್ಶಿಯನ್. ಕಡುನೀಲಿ ಹೂವು, ಅರಳುವುದೇ ಇಲ್ಲ, ಮೊಗ್ಗಿನ ಹಾಗೇ ಇರುತ್ತದೆ. ಒಳಗೆ ಹೋಗುವ ತಾಕತ್ತು ದುಂಬಿಗೆ ಮಾತ್ರ. ತುದಿಯಲ್ಲಿ ಎಸಳು ಬಿಡಿಸಿ ತಲೆ ತೂರಿಸಿ ನುಗ್ಗುತ್ತದೆ, ಹೊರಗೆ ಕಾಣುವುದು ಹಿಂಭಾಗ ಮತ್ತು ಒದೆಯುವ ಎರಡು ಕಾಲು. ಆಮೇಲೆ ಹಿಂದು ಹಿಂದಾಗಿ ಹೊರಗೆ ಬರುತ್ತದೆ. ಹೊರಗೆ ಬರುವ ಆ ಗಳಿಗೆಗೆ ಕಾಯಿರಿ. ಮೈಯೆಲ್ಲ ಪರಾಗ, ರೆಕ್ಕೆ ಮುದುಡಿ, ಹೂವು ಮತ್ತೆ ಮುಚ್ಚಿಕೊಳ್ಳುತ್ತಿರುತ್ತದೆ. ಫೋಕಸ್ಸನ್ನು ಮೊದಲೇ ಹೂವಿನ ತುದಿಗೆ ಇಟ್ಟುಕೊಂಡಿದ್ದರೆ ಸಿಗುತ್ತದೆ.

ಕೊನೆಗೆ ಉಣುಗು. ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ, ಮಂಗನ ಕಾಯಿಲೆ ನೋಡಿದ್ದೀರಿ. ಇಲ್ಲಿನ ಉಣುಗು ಲೈಮ್ ರೋಗ ತರುತ್ತದೆ. ತಿಳಿಬಣ್ಣದ ಉದ್ದ ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಚೆಂದ ಕಾಣುವುದಿಲ್ಲ, ಪರವಾಗಿಲ್ಲ, ನಿಮ್ಮ ಫೋಟೋ ಯಾರೂ ತೆಗೆಯುವುದಿಲ್ಲ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ, ಮಂಡಿ ಹಿಂದೆ, ಕಂಕುಳು, ಕೂದಲು ನೋಡಿಕೊಳ್ಳಿ. ಕಾಡು ಪಾರ್ಸ್‌ನಿಪ್ ಅಂತ ಹಳದಿ ಹೂವಿನ ಗಿಡ ಒಂದಿದೆ, ಸಬ್ಬಸಿಗೆ ಹೂವಿನ ಹಾಗೇ ಕಾಣುತ್ತದೆ. ಅದರ ರಸ ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಮುಟ್ಟಬೇಡಿ.

ಲೆನ್ಸ್ ಯಾವುದು ತಗೊಳ್ಳಲಿ ಅಂತ ಚೀಟಿ ಕಳಿಸಿದವರಿಗೆ: ಈಗಲೇ ತಗೋಬೇಡಿ. ಈ ಶನಿವಾರ ಬೆಳಿಗ್ಗೆ ಆರಕ್ಕೆ ವುಲ್ಫ್ ರೋಡಿಗೆ ಬನ್ನಿ, ನನ್ನ ಹತ್ತಿರ ಎರಡು ಇವೆ, ಒಂದು ನಿಮ್ಮ ಕ್ಯಾಮರಾಗೆ ಹೊಂದಿದರೆ ಹಾಕಿ ನೋಡಿ. ಮಿಲ್ಕ್‌ವೀಡಿನ ಪಕ್ಕ ಕೂರೋಣ. ಕಾಫಿ ಫ್ಲಾಸ್ಕು ನಾನು ತರುತ್ತೇನೆ, ಚಾಪೆ ನೀವು ತನ್ನಿ, ಸಿಮೆಂಟು ಬೆಳಿಗ್ಗೆ ತಣ್ಣಗಿರುತ್ತದೆ.